ಕೂತ ಸ್ಪ್ರಿಂಗಿಗೆ ರಬ್ಬರ್ ಬಫರ್ ಮದ್ದಲ್ಲ

ಮಂಡ್ಯ ಸೀಮೆಯಲ್ಲಿ ಕಾರಿನ ಹಿಂಭಾಗ ತಗ್ಗಿದೆ ಎಂದ ಕೂಡಲೇ ಸಿಗುವ ಸಲಹೆ ಒಂದೇ: "ಬಫರ್ ಹಾಕುಸ್ಬುಡಿ ಅಣ್ಣ, ಗಾಡಿ ಎದ್ದು ನಿಂತ್ಕತದೆ." ಎದ್ದೇನೋ ನಿಲ್ಲುತ್ತದೆ. ಆದರೂ ಈ ಸಲಹೆ ತಪ್ಪು.

ಸ್ಪ್ರಿಂಗಿನ ಸುರುಳಿಗಳ ನಡುವೆ ಬಫರ್ ಎಂಬ ಈ ರಬ್ಬರ್ ತುಂಡು ತುರುಕಿದರೆ ಆ ಜಾಗದ ಸುರುಳಿ ಬಹುಮಟ್ಟಿಗೆ ಕೆಲಸ ನಿಲ್ಲಿಸುತ್ತದೆ. ಚಕ್ರ ಅಷ್ಟೇ ಏರಿಳಿಯಬೇಕಾದಾಗ ಉಳಿದ ಸುರುಳಿಗಳು ಹೆಚ್ಚು ತಿರುಚಿಕೊಳ್ಳುತ್ತವೆ. ನಾಟಿ ಕಾಲದಲ್ಲಿ ನಾಲೆ ಏರಿಯ ಕೆಸರು ರಬ್ಬರಿನಡಿ ಸೇರಿ ಪೇಂಟ್ ಉಜ್ಜುತ್ತದೆ, ಅಲ್ಲಿಂದ ತುಕ್ಕು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಳೆಸುವುದು ಇನ್ನೂ ಕೆಟ್ಟದ್ದು: ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದವೇ ಹೋಗಿ, ಸ್ಪ್ರಿಂಗ್ ಬೇಗ ಮತ್ತೆ ಕೂರುತ್ತದೆ. ಮುರಿದದ್ದನ್ನು ವೆಲ್ಡ್ ಮಾಡಿಸಿದರೆ ಬೆಸುಗೆಯ ಪಕ್ಕದಲ್ಲೇ ಮುರಿಯುತ್ತದೆ.

ಬಾನೆಟ್ ಒತ್ತಿ ಬಿಟ್ಟು ನೋಡುವುದು ಶಾಕ್‌ಅಬ್ಸಾರ್ಬರ್ ಪರೀಕ್ಷೆ. ಎರಡು ಮೂರು ಸಲ ತೂಗಾಡಿದರೆ ಶಾಕ್ ಹೋಗಿದೆ ಎಂದರ್ಥ, ಸ್ಪ್ರಿಂಗ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಸ್ಪ್ರಿಂಗಿಗೆ ಟೇಪ್ ಬೇಕು. ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ, ಡಿಕ್ಕಿ ಖಾಲಿ ಮಾಡಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಕಾರನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ ನಿಲ್ಲಿಸಿ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಎಡಬಲದ ನಡುವೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಗ್ಗಿರುವ ಬದಿಯ ಸ್ಪ್ರಿಂಗ್ ಮೇಲೆ ಅನುಮಾನಪಡಿ. ಎರಡೂ ಒಂದೇ ಸಮ ಕೂತಿದ್ದರೆ ಅದೇ ಮಾಡೆಲಿನ ಒಳ್ಳೆಯ ಕಾರಿನ ಜೊತೆ ಹೋಲಿಸಬೇಕು.

ಹಳೆ ಸ್ಪ್ರಿಂಗ್ "ಮೆತ್ತಗಾಗಿದೆ" ಅನ್ನುತ್ತಾರೆ. ಹೆಚ್ಚಿನ ಸಲ ಅದರ ಬಿಗಿ ಹಾಗೇ ಇರುತ್ತದೆ, ಕುಗ್ಗಿರುವುದು ಉದ್ದ. ಹಾಗಾಗಿ ನಾಲ್ಕು ಮೂಟೆ ಭತ್ತ ಹೇರಿ ಹಂಪ್ ಹತ್ತಿಸಿದರೆ ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರಿಗೆ, ಅಂದರೆ ಬಂಪ್ ಸ್ಟಾಪಿಗೆ, ಧಡ್ ಎಂದು ಬಡಿಯುತ್ತದೆ. ತುಕ್ಕಿನ ಕಥೆ ಬೇರೆ. ಬಿಗಿಯು ಕಂಬಿಯ ದಪ್ಪದ ನಾಲ್ಕನೇ ಘಾತವನ್ನು ಅವಲಂಬಿಸಿರುವುದರಿಂದ, 12 ಮಿ.ಮೀ. ಕಂಬಿ ಉದ್ದಕ್ಕೂ ಸವೆದು 11 ಆದರೆ ಸುಮಾರು ಶೇ. 30ರಷ್ಟು ಬಿಗಿ ಹೋಯಿತು! ಸಾಮಾನ್ಯವಾಗಿ ಮುರಿಯುವುದು ಕೆಳಗಿನ ಸುರುಳಿ, ಏಕೆಂದರೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ, ಅಂದರೆ ಸೀಟಿನಲ್ಲಿ, ನೀರು ಕೆಸರು ನಿಲ್ಲುವುದು ಅಲ್ಲೇ. ಟಾರ್ಚ್ ಬಿಟ್ಟು ನೋಡಿ. ಮುರಿದ ತುದಿ ಟೈರನ್ನು ಸೀಳಬಲ್ಲದು, ಅಂಥ ಕಾರನ್ನು ಓಡಿಸಲೇಬೇಡಿ. ಸ್ಟೀರಿಂಗ್ ತಿರುಗಿಸುವಾಗ ಟಣ್ ಎಂದರೆ ದೋಷ ಸ್ಪ್ರಿಂಗಿನದು ಇಲ್ಲವೇ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಕೂಡಿದ ಜೋಡಣೆ) ಬೇರಿಂಗಿನದು.

ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ. ಡೀಸೆಲ್ ಎಂಜಿನ್ ಭಾರ ಹೆಚ್ಚು, ಮುಂದಿನ ಸ್ಪ್ರಿಂಗ್ ಬೇರೆ ಇರುತ್ತದೆ. ಹಳೆಯದರ ಪಾರ್ಟ್ ನಂಬರ್, ಬಣ್ಣದ ಗುರುತು ಹೊಂದಿಸಿ ತನ್ನಿ. ಮುಂದಿನ ಸ್ಟ್ರಟ್ ಬಿಚ್ಚುವಾಗ ಬ್ರೇಕ್ ಹೋಸ್, ಎಬಿಎಸ್ ವೈರ್, ಲಿಂಕ್ ರಾಡ್ ಮೊದಲು ಬಿಡಿಸಿ. ಸ್ಟ್ರಟ್ ನೆತ್ತಿಯ ನಡುವಿನ ನಟ್ಟನ್ನು ಮಾತ್ರ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಲಕರಣೆ) ಹಾಕದೆ ಮುಟ್ಟಬಾರದು. ಎದುರುಬದುರು ಅದರ ಎರಡು ಕೊಕ್ಕೆ ಹಾಕಿ, ಒಂದಾದ ಮೇಲೊಂದಕ್ಕೆ ಕೆಲವೇ ಸುತ್ತು ಕೊಡುತ್ತಾ ಬಿಗಿಸಿ, ಸ್ಪ್ರಿಂಗ್ ಸೀಟಿನಲ್ಲಿ ಸಡಿಲವಾಗಿ ಅಲುಗಾಡಿದ ಮೇಲಷ್ಟೇ ಆ ನಟ್ ಬಿಚ್ಚುವುದು. ಸರಪಳಿ, ಹಗ್ಗ ಕಟ್ಟಿ ಬಿಚ್ಚುವವರ ಬಳಿ ಕೆಲಸ ಕೊಡಬೇಡಿ, ಚಿಮ್ಮಿದ ಸ್ಪ್ರಿಂಗ್ ಪ್ರಾಣ ತೆಗೆಯಬಲ್ಲದು.

ಬಿಚ್ಚಿದ್ದಾಗಲೇ ಬಂಪ್ ಸ್ಟಾಪ್, ಡಸ್ಟ್ ಕವರ್, ಬೇರಿಂಗ್ ನೋಡಿ. ಸುರುಳಿಯ ತುದಿ ಸೀಟಿನ ತಡೆಗೆ ತಾಗಿ ಕೂರಬೇಕು. ಸೀಟಿನ ನೀರು ಹೋಗುವ ತೂತಿನ ಮಣ್ಣು ತೆಗೆಸಿ. ಬುಶ್ (ಕೀಲಿನ ರಬ್ಬರ್ ತೋಳು) ಇರುವ ಬೋಲ್ಟುಗಳನ್ನು ಕೊನೆಗೆ ಬಿಗಿಸಬೇಕಾದದ್ದು ಕಾರಿನ ಭಾರ ಚಕ್ರದ ಮೇಲೆ ಬಿದ್ದಾಗ. ಗಾಳಿಯಲ್ಲಿ ತೂಗುತ್ತಿದ್ದಾಗ ಬಿಗಿಸಿದರೆ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಒಂದು ವಾರ ಓಡಿಸಿ, ಅದೇ ನೆಲದಲ್ಲಿ ಮತ್ತೆ ಅಳೆದು, ನಾಲ್ಕೂ ಅಳತೆಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.