ಜರಿ ಅಂಚಿನ ದೆವ್ವ

ನಮ್ಮ ಮನೆಯ ದೆವ್ವಕ್ಕೆ ಎರಡಂಗುಲದ ಜರಿ ಅಂಚಿತ್ತು. ಅದು ನನ್ನ ತಪ್ಪಲ್ಲ ಎಂದು ನಾನು ಇಂದಿಗೂ ವಾದಿಸುತ್ತೇನೆ, ನಮ್ಮವರು ಇಂದಿಗೂ ಒಪ್ಪುವುದಿಲ್ಲ.

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಇಲ್ಲಿ ಮಕ್ಕಳು ವೇಷ ಹಾಕಿ ಮನೆಮನೆಗೂ ಹೋಗಿ ಚಾಕೊಲೇಟ್ ಪಡೆಯುವ ಅಕ್ಟೋಬರ್ 31ರ ಹ್ಯಾಲೋವೀನ್ ಎಂದರೆ ಅವರಿಗೆ ಹಬ್ಬ, ತಾಯಂದಿರಿಗೆ ಪರೀಕ್ಷೆ. 2023ರಲ್ಲಿ ನಾನು ಈ ಪರೀಕ್ಷೆಗೆ ರ್‍ಯಾಂಕ್ ಬರುವ ಉತ್ಸಾಹದಲ್ಲಿ ಕುಳಿತಿದ್ದೆ. ನಾಲ್ಕು ವರ್ಷದ ಮಗನಿಗೆ ಎಂಟು ಕಾಲಿನ ಜೇಡದ ಉಡುಪು ತರಿಸಿದೆ. ಎರಡನೆಯ ಮನೆಯ ಮೆಟ್ಟಿಲಲ್ಲಿ ಜೇಡಕ್ಕೆ ಮೂತ್ರ ಬಂತು. ಜಿಪ್ ಇದ್ದದ್ದು ಬೆನ್ನಿಗೆ, ಅದರ ಮೇಲೆ ಆರು ಹತ್ತಿಯ ಕಾಲುಗಳು. ಬೀದಿದೀಪದ ಕೆಳಗೆ ಮೊಣಕಾಲೂರಿ ಒಂದೊಂದೇ ಕಾಲು ಸರಿಸುತ್ತಾ ಜಿಪ್ ಹುಡುಕುತ್ತಿದ್ದೆ. ಸಿಗುವಷ್ಟರಲ್ಲಿ ಅದನ್ನು ಹುಡುಕುವ ಅಗತ್ಯವೇ ಉಳಿದಿರಲಿಲ್ಲ.

ಹಾಗಾಗಿ ಮರುವರ್ಷ ಏನನ್ನೂ ಕೊಳ್ಳಬಾರದು, ಮನೆಯಲ್ಲಿದ್ದದ್ದರಲ್ಲೇ ಮುಗಿಸಬೇಕು, ನಮ್ಮ ಬೀದಿ ದಾಟಬಾರದು ಎಂದು ಶಪಥ ಮಾಡಿದೆ. ಆ ವರ್ಷವೇ ಮೈಸೂರಿನಿಂದ ಅತ್ತೆ ಬಂದರು. ಆ ವರ್ಷವೇ ಅಕ್ಟೋಬರ್ 31ಕ್ಕೆ ನರಕ ಚತುರ್ದಶಿಯೂ ಬಂತು.

ವಿಮಾನ ನಿಲ್ದಾಣದಿಂದ ಬರುವಾಗಲೇ ಅತ್ತೆಗೆ ಬೀದಿಯ ದರ್ಶನವಾಯಿತು. ಒಂದು ಮನೆಯ ಹುಲ್ಲಿನ ಮೇಲೆ ಗೋರಿಕಲ್ಲುಗಳು, ಇನ್ನೊಂದರ ಕಿಟಕಿಯಲ್ಲಿ ರಕ್ತದ ಕೈಗುರುತು, ಎದುರು ಮನೆಯ ಅಂಗಳದಲ್ಲಿ ಹನ್ನೆರಡು ಅಡಿಯ ಅಸ್ಥಿಪಂಜರ. 2020ರಲ್ಲಿ ಈ ಗಾತ್ರದ್ದು ಮಾರುಕಟ್ಟೆಗೆ ಬಂದಾಗ ಜನ ಮುಗಿಬಿದ್ದು ಕೊಂಡಿದ್ದರು. ಅತ್ತೆ ಅದನ್ನು ಪಾದದಿಂದ ಬುರುಡೆಯವರೆಗೆ ನೋಡಿ ಕೇಳಿದ ಪ್ರಶ್ನೆ ಒಂದೇ: "ಹಬ್ಬ ಮುಗಿದ ಮೇಲೆ ಇದನ್ನು ಎಲ್ಲಿ ಇಡುತ್ತಾರೆ?" ದಸರಾ ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುವವರಿಗೆ ತೋಚುವ ಪ್ರಶ್ನೆಯೇ ಅದು.

ಹ್ಯಾಲೋವೀನ್‌ಗೆಂದು ಮುಖ ಕೊರೆದು ಬಾಗಿಲಲ್ಲಿಡುವ ಕುಂಬಳಕಾಯಿಯ ಸರದಿ ಬಂತು. ನಾನು ಚಾಕು ಹಿಡಿದು ಕಣ್ಣು ಮೂಗು ಕೊರೆಯಲು ಕೂತರೆ ಅತ್ತೆ ಕೈ ಹಿಡಿದರು. "ಹೆಂಗಸರು ಇಡೀ ಕುಂಬಳಕಾಯಿ ಒಡೆಯಬಾರದು ಕಣಮ್ಮ. ಅವನು ಮೊದಲ ಏಟು ಹಾಕಲಿ." ಕಚೇರಿಯ ಮೀಟಿಂಗ್‌ನ ನಡುವೆ ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೇ ಬಂದ ನಮ್ಮವರು, ಯಾಕೆ ಏನು ಎಂದು ಕೇಳದೆ ಒಂದೇ ಏಟಿಗೆ ಕಾಯಿಯನ್ನು ಎರಡು ಹೋಳು ಮಾಡಿ ಹೊರಟುಹೋದರು. ಮಗಳು ಒಂದೊಂದು ಹೋಳಿನಲ್ಲಿ ಒಂದೊಂದು ಕಣ್ಣು ಇಟ್ಟುಕೊಂಡು ಅತ್ತಳು.

ಹೋಳುಗಳು ಹುಳಿಗೆ ಹೋದವು. ಹುಳಿಯೂ ಕೆಟ್ಟಿತು. ಕೊರೆಯಲೆಂದೇ ಮಾರುವ ಈ ದೊಡ್ಡ ಕಾಯಿಗಳಲ್ಲಿ ನೀರು ಮತ್ತು ನಾರೇ ಹೆಚ್ಚು, ರುಚಿ ಕಡಿಮೆ. "ಬೇಳೆ ದಂಡ" ಎಂದರು ಅತ್ತೆ. ಇನ್ನೊಂದು ಕಾಯಿಗೆ ಚಾಕು ತಾಗಿಸಲೇ ಇಲ್ಲ. ಮಕ್ಕಳ ಕೈಗೆ ಮಾರ್ಕರ್ ಪೆನ್ನು ಕೊಟ್ಟೆ. ಮಗಳು ಹಲ್ಲು ಬರೆದಳು, ಮಗ ಮೀಸೆ ಬರೆದ, ಅತ್ತೆ ಸುಮ್ಮನಿರಲಾರದೆ ಹಣೆಗೆ ಕುಂಕುಮ ಇಟ್ಟರು. ಪಕ್ಕದ ಮನೆಯವರು ಎರಡು ಗಂಟೆ ಕೂತು ಕೊರೆದ ಮುಖಕ್ಕೆ ಐದನೆಯ ದಿನಕ್ಕೆ ಬೂಷ್ಟು ಹಿಡಿದಿತ್ತು, ಮೂಗನ್ನು ಅಳಿಲು ತಿಂದಿತ್ತು. ನಮ್ಮ ಮೀಸೆಯ ಮಾರಿ ನವೆಂಬರ್ ನಡುವಿನವರೆಗೂ ಮೆಟ್ಟಿಲ ಮೇಲೆ ಕೂತಿತ್ತು. ಐರ್ಲೆಂಡಿನಲ್ಲಿ ಹಿಂದೆ ಇದನ್ನೆಲ್ಲ ಟರ್ನಿಪ್ ಗಡ್ಡೆಯಲ್ಲಿ ಕೊರೆಯುತ್ತಿದ್ದರಂತೆ. ಅಲ್ಲಿಂದ ಅಮೆರಿಕಕ್ಕೆ ಬಂದವರು ಇಲ್ಲಿ ಸಿಕ್ಕ ಕುಂಬಳಕಾಯಿಗೆ ಬದಲಾಯಿಸಿಕೊಂಡರು. ಮಾವಿನೆಲೆ ಸಿಗದೆ ಪ್ಲಾಸ್ಟಿಕ್ ತೋರಣ ಕಟ್ಟಿಕೊಂಡಿರುವ ನಾನು ಅವರನ್ನು ಆಡಿಕೊಳ್ಳುವಂತಿಲ್ಲ.

ಇನ್ನು ವೇಷ. ಮಗ ದೆವ್ವವಾಗುತ್ತೇನೆ ಎಂದ. ಇದಕ್ಕಿಂತ ಅಗ್ಗದ ವೇಷವುಂಟೆ? ಬೀರುವಿನ ಕೆಳಗಿನ ಖಾನೆಯಿಂದ ಒಂದು ಬಿಳಿ ಪಂಚೆ ಎಳೆದು, ಮಡಿಸಿ, ಎರಡು ತೂತು ಕತ್ತರಿಸಿ ಅವನ ತಲೆಯ ಮೇಲೆ ಹಾಕಿದೆ. ಮಡಿಕೆ ಬಿಚ್ಚಿಕೊಂಡು ಕೆಳಗಿಳಿದಾಗ ಪಾದದ ಹತ್ತಿರ ಏನೋ ಮಿನುಗಿತು. ನಮ್ಮ ಗೃಹಪ್ರವೇಶದ ರೇಷ್ಮೆ ಪಂಚೆ. ನಮ್ಮವರು ನೋಡಿದರು, ಅತ್ತೆಯ ಮುಖ ನೋಡಿದರು, ಏನನ್ನೂ ಹೇಳದೆ ಒಳಗೆ ಹೋದರು. ಅತ್ತೆ ಮಾತ್ರ ಮೊಮ್ಮಗನ ಅಂಚು ಸರಿಮಾಡುತ್ತಾ, "ಒಳ್ಳೆಯ ಮನೆತನದ ದೆವ್ವ" ಎಂದರು.

ಅಂದು ಬೆಳಗ್ಗೆ ಕತ್ತಲಿರುವಾಗಲೇ ಎಲ್ಲರಿಗೂ ಎಣ್ಣೆಸ್ನಾನ. ಸಂಜೆ ಅತ್ತೆ ಮೆಟ್ಟಿಲಿಗೊಂದರಂತೆ ಹಣತೆ ಹಚ್ಚಿದರು. ದೆವ್ವ ಮತ್ತು ಅದರ ಅಕ್ಕ ಅಪ್ಪನ ಜೊತೆ ಬೀದಿಯ ಹತ್ತು ಮನೆಗಳಿಗೆ ಹೊರಟರು. ಮನೆಮನೆಗೂ ಹೋಗಿ ಚೀಲ ಒಡ್ಡಿ ತಿಂಡಿ ಪಡೆಯುವುದು ಅತ್ತೆಗೆ ವಿಚಿತ್ರವೆನಿಸಲೇ ಇಲ್ಲ. ಅವರೂ ಚಿಕ್ಕಂದಿನಲ್ಲಿ ಒಂಟಿಕೊಪ್ಪಲಿನ ಬೀದಿಗಳಲ್ಲಿ "ಗೊಂಬೆ ಕೂರಿಸಿದ್ದೀರಾ?" ಎಂದು ಕೇಳುತ್ತಾ ಸುತ್ತಿ, ಗೊಂಬೆ ಬಾಗಿನದ ಚಕ್ಕುಲಿ ಕೋಡುಬಳೆ ತುಂಬಿಕೊಂಡು ಬಂದವರೇ. ಅವರ ತಕರಾರು ಬೇರೆಯದು. ಎರಡು ದಿನ ಕೂತು ಕರಿದ ಚಕ್ಕುಲಿಯನ್ನು ಕೊಡಬಾರದು, ಪೊಟ್ಟಣ ಕಟ್ಟಿದ ಅಂಗಡಿಯ ಚಾಕೊಲೇಟನ್ನೇ ಕೊಡಬೇಕು ಎಂದು ನಾನು ಹೇಳಿದ್ದೆ. "ಅಂಗಡಿಯದ್ದನ್ನು ಯಾರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಇದನ್ನು ಮಾಡಿದವಳು ಇಲ್ಲೇ ನಿಂತಿದ್ದೇನೆ." ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಏಳು ಗಂಟೆಗೆ ನಮ್ಮ ಬೋಗುಣಿ ಬರಿದಾಯಿತು. ಅತ್ತೆ ಒಬ್ಬೊಬ್ಬರಿಗೂ ಕೈತುಂಬ ಕೊಟ್ಟಿದ್ದರು. ಒಂದೇ ಕೊಡುವುದು ಅವರ ಲೆಕ್ಕದಲ್ಲಿ ಅವಮಾನ. ಇಲ್ಲಿನ ರೂಢಿಯಂತೆ ಚಾಕೊಲೇಟ್ ಮುಗಿದವರು ಬಾಗಿಲ ದೀಪ ಆರಿಸಬೇಕು. ಕತ್ತಲಿರುವ ಮನೆಯ ಗಂಟೆಯನ್ನು ಮಕ್ಕಳು ಒತ್ತುವುದಿಲ್ಲ. ಈ ಇಡೀ ಹಬ್ಬದಲ್ಲಿ ನನಗೆ ತುಂಬ ಹಿಡಿಸಿದ ನಿಯಮ ಇದೇ. ನಾನು ಸ್ವಿಚ್ಚಿಗೆ ಕೈ ಹಾಕಿದೆ.

"ದೀಪಾವಳಿಯ ದಿನ ಬಾಗಿಲ ದೀಪ ಆರಿಸುತ್ತೀಯಾ?"

ಕೈ ತೆಗೆದೆ. ದೂರದಿಂದ ನಮ್ಮ ಹಣತೆಗಳನ್ನು ಕಂಡು ಒಬ್ಬ ಡೈನೋಸಾರ್, ಇಬ್ಬರು ರಾಜಕುಮಾರಿಯರು, ಕೊಡಲಿ ಹೊತ್ತ ಒಬ್ಬ ಪುಟ್ಟ ಹೆಣ ಸಂಭ್ರಮದಿಂದ ನಮ್ಮತ್ತಲೇ ಬರುತ್ತಿದ್ದರು. ಅವರಿಗೆ ಮಗಳ ಪೆನ್ಸಿಲ್, ಸ್ಟಿಕ್ಕರ್ ಹಂಚಿದೆ. ಅವೂ ಮುಗಿದವು. ಆಗ ಅತ್ತೆ ಮಗಳ ಬಣ್ಣದ ಸೀಮೆಸುಣ್ಣ ತೆಗೆದುಕೊಂಡು, ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಾಗಿಲುಬಾಗಿಲಿಗೂ ಬರೆದಿದ್ದ ಆ ಎರಡು ಪದಗಳನ್ನು ಮೆಟ್ಟಿಲ ಮುಂದೆ ದಪ್ಪಕ್ಷರದಲ್ಲಿ ಬರೆದರು: ನಾಳೆ ಬಾ. ಪರಿಚಿತರ ದನಿಯಲ್ಲಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತಿತ್ತಂತೆ. ನ್ಯೂಜೆರ್ಸಿಯ ದೆವ್ವಗಳಿಗೆ ಕನ್ನಡ ಬರುವುದಿಲ್ಲ ಎಂದು ಹೇಳಿದೆ. "ಬರೆದದ್ದು ಬರೆದಾಯಿತು" ಎಂದು ಅತ್ತೆ ಒಳಗೆ ಹೋದರು. ಆಮೇಲೆ ಒಂಬತ್ತು ದೆವ್ವಗಳು ಬಂದವು. ಒಂಬತ್ತಕ್ಕೂ ನಾನೇ ಕೈಮುಗಿದು ಕಳಿಸಿದೆ.

ಮರುದಿನ ನವೆಂಬರ್ ಒಂದು. ಸಂಜೆ ಮತ್ತೆ ಗಂಟೆ ಬಾರಿಸಿತು. ಹಿಂದಿನ ಬೀದಿಯ ಕನ್ನಡದವರ ಹುಡುಗ, ಎಂಟು ವರ್ಷವಿರಬಹುದು, ಭಾನುವಾರ ಭಾನುವಾರ ಕನ್ನಡ ತರಗತಿಗೆ ಹೋಗುವವನು. ಹಿಂದಿನ ದಿನದ ರಾಕ್ಷಸನ ಮುಖವಾಡ ಇನ್ನೂ ಹಣೆಯ ಮೇಲಿತ್ತು, ಕೈಯಲ್ಲಿ ಖಾಲಿ ಚೀಲ. ಬಗ್ಗಿ ಅಕ್ಷರಗಳ ಮೇಲೆ ಬೆರಳಿಟ್ಟು, "ನಾ... ಳೆ... ಬಾ" ಎಂದು ಓದಿ ತಲೆಯೆತ್ತಿದ. "ನೆನ್ನೆ ಬಂದಿದ್ದೆ. ನಾಳೆ ಬಾ ಎಂದು ಬರೆದಿತ್ತು. ಅದಕ್ಕೆ ಇವತ್ತು ಬಂದೆ."

ಅತ್ತೆ ಒಳಗಿನಿಂದ ಚಕ್ಕುಲಿಯ ಡಬ್ಬಿಯನ್ನೇ ತಂದರು.