ಮೂರು ಪಿನ್ನು

ಲಕೋಟೆಯೊಳಗೆ ಸೇಫ್ಟಿ ಪಿನ್ನು ಮೂರೇ ಇದ್ದವು. ಓಡುವವರು ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಗೆ, ಅಂದರೆ ಬಿಬ್ಬಿಗೆ, ಮೂಲೆ ನಾಲ್ಕು. ಓಟದ ಹಿಂದಿನ ರಾತ್ರಿ ಇದನ್ನು ಕಂಡು ಸಿಟ್ಟು ಬರಬೇಕಿತ್ತು. ಬಂದದ್ದು ಆಸೆ. ಒಂದು ಪಿನ್ನು ಕಮ್ಮಿ ಅಂತ ತಪ್ಪಿಸಿಕೊಳ್ಳಬಹುದಾ?

ನಾನು ಓಡುವುದೇ ಇಲ್ಲ ಅಂತಲ್ಲ. ಬೆಳಿಗ್ಗೆ, ಯಾರೂ ನೋಡದ ಹೊತ್ತಿನಲ್ಲಿ, ನಡಿಗೆಗಿಂತ ಕೊಂಚ ಜಾಸ್ತಿ, ಓಟಕ್ಕಿಂತ ಬಹಳ ಕಮ್ಮಿ ಅನ್ನುವಂಥದ್ದೇನೋ ಮಾಡುತ್ತೇನೆ. ಸುಸ್ತಾದರೆ ಲೇಸು ಕಟ್ಟುವ ನೆಪದಲ್ಲಿ ಬಗ್ಗುತ್ತೇನೆ. ಸುಖವಾಗಿದ್ದೆ. ಒಂದು ದಿನ ಆಫೀಸಿನಲ್ಲಿ ಇದನ್ನು ಬಾಯಿಬಿಟ್ಟದ್ದೇ ತಪ್ಪಾಯಿತು.

"ಹೌದಾ? ಪೇಸ್ ಎಷ್ಟು?" ಅಂದರು ಒಬ್ಬರು. ಒಂದು ಕಿಲೋಮೀಟರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ. ಹೊಸದಾಗಿ ಓಟದ ಹುಚ್ಚು ಹಿಡಿದವರಿಗೆ ಈ ಪ್ರಶ್ನೆ ಕೇಳದಿದ್ದರೆ ತಿಂದದ್ದು ಅರಗುವುದಿಲ್ಲ. ಇನ್ನೊಬ್ಬರು, "ಬರೀ ಹತ್ತು ಕಿಲೋಮೀಟರ್ ರೀ, ಸುಮ್ನೆ ಬನ್ನಿ" ಅಂದರು. ಸಂಜೆಯೊಳಗೆ ಗ್ರೂಪಿಗೆ ಸೇರಿಸಿ, ಟೀ ಶರ್ಟ್ ಸೈಜ್ ಕೇಳಿದರು. ನೋಡಿ, ಬರ್ತೀರಾ ಅಂತ ಯಾರೂ ಕೇಳಲಿಲ್ಲ. ಅಳತೆ ಕೇಳಿದರು. ಅಳತೆ ಕೊಟ್ಟವನು ಒಪ್ಪಿದ ಹಾಗೇ ಅಲ್ವಾ? ಯಾಕೆ ಕೊಟ್ಟೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಅವತ್ತಿನಿಂದ ನನ್ನ ತಲೆಯಲ್ಲಿ ಜಪಾನಿನ ಶಿಜೊ ಕನಕುರಿ ಕೂತುಬಿಟ್ಟಿದ್ದಾನೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಲು ಹಡಗು ಹತ್ತಿ, ರೈಲು ಹತ್ತಿ, ಎರಡು ವಾರಕ್ಕೂ ಜಾಸ್ತಿ ಪ್ರಯಾಣ ಮಾಡಿ ಹೋದವನು. ಓಟದ ದಿನ ವಿಪರೀತ ಸೆಕೆ. ಹೊರಟವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಮುಗಿಸಲೇ ಇಲ್ಲ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಜಾರೊ ಕುಸಿದು ಬಿದ್ದವನು ಮರುದಿನ ತೀರಿಕೊಂಡ. ಕನಕುರಿಯೂ ನಡುದಾರಿಯಲ್ಲಿ ಬಸವಳಿದ. ದಾರಿ ಪಕ್ಕದ ಮನೆಯವರೊಬ್ಬರು ತಮ್ಮ ತೋಟದಲ್ಲಿ ಕೂರಿಸಿ, ಕುಡಿಯಲು ಕೊಟ್ಟು ಉಪಚರಿಸಿದರು. ಚೇತರಿಸಿಕೊಂಡ ಮೇಲೆ ಆತ ಓಟದ ಕಡೆ ತಿರುಗಿಯೂ ನೋಡಲಿಲ್ಲ. ಸಂಘಟಕರಿಗೆ ಒಂದು ಮಾತೂ ಹೇಳದೆ ಊರಿಗೆ ಹೊರಟುಹೋದ.

ಆಹಾ! ಹೀಗಿರಬೇಕು ಮನುಷ್ಯ.

1967ರಲ್ಲಿ ಸ್ವೀಡನ್ನಿನವರು ಆತನನ್ನು ಕರೆಸಿ, ಬಿಟ್ಟ ಓಟ ಮುಗಿಸಿ ಅಂದರು. ಆಗ ಆತನಿಗೆ 75. ಓಡಿ ಗೆರೆ ದಾಟಿದ. ಸಮಯವನ್ನೂ ಘೋಷಿಸಿದರು: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20 ಸೆಕೆಂಡು. ಅದರ ಮೇಲೆ ಸೆಕೆಂಡಿನ ಚೂರುಪಾರು ಬೇರೆ. ನಾನು ಕೂತು ಭಾಗಿಸಿದೆ. 1912ರ ಓಟದ ದಾರಿ ಸುಮಾರು 40 ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಒಂದು ವರ್ಷ, ಮೇಲೆ ನಾಲ್ಕು ತಿಂಗಳು. ಇನ್ನು ಯಾರಾದರೂ ಪೇಸ್ ಕೇಳಲಿ, ಇದನ್ನೇ ಹೇಳುತ್ತೇನೆ. ನಡುವೆ ಆತ 1920ರಲ್ಲೂ 1924ರಲ್ಲೂ ಒಲಿಂಪಿಕ್ಸ್ ಮ್ಯಾರಥಾನ್ ಓಡಿದ್ದನ್ನು ಮಾತ್ರ ನಾನು ನೆನಪಿಟ್ಟುಕೊಳ್ಳುವುದಿಲ್ಲ. ನನಗೆ ಬೇಕಾದ ಕನಕುರಿ ತೋಟದಲ್ಲಿ ಕೂತವನು.

ನಾಳೆ ಮುಗಿಸಿದವರಿಗೆಲ್ಲ ಪದಕವಂತೆ. ಬೆಳಗಿನ ಜಾವ ಹೊದ್ದು ಮಲಗಿ, ಅಲಾರಾಂ ಹೊಡೆದರೂ ಜಗ್ಗದವನಿಗೆ ಏನೂ ಇಲ್ಲ. ಇದ್ಯಾವ ನ್ಯಾಯ?

ಕೊನೆಗೆ ಧೈರ್ಯ ಮಾಡಿ ಗ್ರೂಪಿನಲ್ಲಿ ಬರೆದೆ: "ಪಿನ್ನು ಮೂರೇ ಇವೆ." ಅರ್ಧ ನಿಮಿಷಕ್ಕೆ ಉತ್ತರ ಬಂತು: "ನನ್ ಹತ್ರ ಜಾಸ್ತಿ ಇದೆ, ತರ್ತೀನಿ. ಐದಕ್ಕೆ ಮನೆ ಮುಂದೆ ಹಾರ್ನ್ ಹೊಡೀತೀನಿ." ಜೊತೆಗೆ ಬಿಗಿಮುಷ್ಟಿಯ ಚಿತ್ರ ಮೂರು.

ಅಳತೆ ಯಾಕೆ ಕೊಟ್ಟೆ ಅಂತ ಹೇಳುವುದಿತ್ತು. ಆದರೆ ನಾಲ್ಕಕ್ಕೆ ಏಳಬೇಕು. ಮಲಗುವ ಮುಂಚೆ ಓಟದ ದಾರಿಯ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದೆ. ಆರನೇ ಕಿಲೋಮೀಟರಿನ ಹತ್ತಿರ, ಎಡಗಡೆ, ಒಂದು ಪಾರ್ಕು ಇದೆ.