ಎಂಟು ಗ್ಲಾಸಿನ ಲೆಕ್ಕ

ಬೆಳಿಗ್ಗೆ 6 ಗಂಟೆಗೇ ನಮ್ಮ ಫ್ಲ್ಯಾಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಮೆಸೇಜು. ಒಂದು: ‘ಬೇಸಿಗೆ ಶುರುವಾಯಿತು, ದಿನಕ್ಕೆ 8 ಗ್ಲಾಸ್ ನೀರು ಕಡ್ಡಾಯ.’ ಇನ್ನೊಂದು: ‘ಇವತ್ತು ನಳ್ಳಿ ನೀರು ಇಲ್ಲ. ಟ್ಯಾಂಕರಿಗೆ ಹೇಳಿದೆ.’ ಎರಡಕ್ಕೂ ಅದದೇ ಜನ ಹೆಬ್ಬೆರಳು ಎತ್ತಿದ್ದರು.

ನಾನು ಕಾರು ತೆಗೆದು ಕದ್ರಿ ಪಾರ್ಕಿಗೆ ವಾಕಿಂಗ್ ಹೊರಟೆ. ನಗಬೇಡಿ. ಪಾರ್ಕು ಮನೆಯಿಂದ ಒಂದೂವರೆ ಕಿಲೋಮೀಟರು, ನಡೆದೇ ಹೋಗಬಹುದು. ಆದರೆ ಫುಟ್‌ಪಾತಿನ ಮೇಲೆ ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಸ್ಕೂಟರ್, ಆಮೇಲೆ ಚಪ್ಪಡಿ ಎದ್ದುಹೋದ ಚರಂಡಿ. ಆರೋಗ್ಯಕ್ಕೆ ಅಂತ ಹೊರಟು ಕಾಲು ಮುರಿದುಕೊಳ್ಳುವುದು ಎಂತಕ್ಕೆ?

ಪಾರ್ಕಿನಲ್ಲಿ ನಮ್ಮ ಮೂರನೇ ಮಹಡಿಯವರು ಸಿಕ್ಕಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರು. (ಮಂಗಳೂರಿನಲ್ಲಿ ಕಲ್ಲೆಸೆದರೆ ಒಬ್ಬ ನಿವೃತ್ತ ಮ್ಯಾನೇಜರಿಗೆ ತಾಗುತ್ತದೆ.) ಕೈಯಲ್ಲಿ ಎರಡು ಲೀಟರಿನ ಬಾಟಲಿ. ಅದರ ಮೈಮೇಲೆ 7 ಗಂಟೆ, 9 ಗಂಟೆ, 11 ಗಂಟೆ ಅಂತ ಗೆರೆಗಳು. ಒಂದು ಗೆರೆ ತಪ್ಪಿದರೆ ಮುಂದಿನದರ ಜೊತೆ ಬಡ್ಡಿ ಸಮೇತ ಕುಡಿಯುತ್ತಾರೆ. ಜೀವಮಾನವಿಡೀ ಸಾಲ ವಸೂಲಿ ಮಾಡಿದವರು, ಈಗ ಸ್ವಂತ ಮೂತ್ರಪಿಂಡದ ಮೇಲೆ ಕಂತು ಹಾಕಿದ್ದಾರೆ. ಹೊರಡುವಾಗ ವಾಚಿನಲ್ಲಿ 212 ಹೆಜ್ಜೆ ಬಾಕಿ ಇತ್ತು. ಪಾರ್ಕ್ ಮಾಡಿದ ಕಾರಿಗೆ ಪ್ರದಕ್ಷಿಣೆ ಹಾಕಿ ಹತ್ತು ಸಾವಿರ ತುಂಬಿಸಿದರು.

ಈ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತುಂಟಾ? 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು, ‘ಮಾನ್‌ಪೋ-ಕೇ’. ಹತ್ತು ಸಾವಿರ ಹೆಜ್ಜೆಯ ಮೀಟರು ಅಂತ ಅರ್ಥ. ನಡೆದರೆ ಒಳ್ಳೆಯದೇ. ಆದರೆ ಅವರು ಡಬ್ಬಿಯ ಮೇಲೆ ಬರೆದ ಅಂಕಿಗೆ ನಾವು ಕಾರಿನ ಸುತ್ತ ತಿರುಗುತ್ತಿದ್ದೇವೆ.

8 ಗ್ಲಾಸಿನ ಕಥೆ ಇನ್ನೂ ಚಂದ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಅಂದಿತು. ಅದರಲ್ಲಿ ಹೆಚ್ಚಿನದು ತಿನ್ನುವ ಆಹಾರದಲ್ಲೇ ಇರುತ್ತದೆ ಅಂತಲೂ ಅಲ್ಲೇ ಬರೆದಿತ್ತು. ಆ ಸಾಲನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ನನ್ನ ಅಜ್ಜಿ ಅದನ್ನು ಓದದೆಯೂ ಪಾಲಿಸಿದವರು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಬಟ್ಟಲಲ್ಲಿ ಅನ್ನಕ್ಕಿಂತ ತೆಳಿಯೇ ಜಾಸ್ತಿ. ಉಪ್ಪು ಹಾಕಿ, ಮಾವಿನ ಮಿಡಿ ಕಚ್ಚಿಕೊಂಡು ಸೊರ್ ಅಂತ ಕುಡಿಯುವುದು. ಮಧ್ಯಾಹ್ನಕ್ಕೆ ಮಾಡಿಗೆ ನೇತುಹಾಕಿದ ಮಂಗಳೂರು ಸೌತೆ ಇಳಿಸಿ ಸಾಂಬಾರು. ಸೌತೆ ಅಂದರೆ ಸಿಪ್ಪೆ ಹೊದ್ದ ನೀರು, ಅಷ್ಟೇ. ಯಾರಾದರೂ ಬಂದರೆ ಬೆಲ್ಲ, ನೀರು. ಅವರ ಜೊತೆ ತಾನೂ ಒಂದು ತುಂಡು ಬೆಲ್ಲ. ಗೆರೆ ಹಾಕಿದ ತಂಬಿಗೆ ನಮ್ಮ ಮನೆಯಲ್ಲಿ ಇರಲಿಲ್ಲ. ಬಾಯಾರಿದರೆ ಕುಡಿಯುತ್ತಿದ್ದರು. ಈಗ ಬಾಯಾರಿಕೆಯನ್ನೂ ನಂಬಬಾರದಂತೆ!

ಹಾಗಂತ ಸುಮ್ನೆ ಸುರಿದುಕೊಂಡರೂ ಆಗುವುದಿಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ನೋಡಿದರೆ ಶೇ 13ರಷ್ಟು ಜನರಿಗೆ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಕಡಿಮೆ. ಓಡುತ್ತಾ ಓಡುತ್ತಾ ಬೇಕಾದ್ದಕ್ಕಿಂತ ಜಾಸ್ತಿ ಕುಡಿದವರೇ ಅವರಲ್ಲಿ ಹೆಚ್ಚು.

ಇನ್ನು ಬೆವರಿದರೆ ಕೊಬ್ಬು ಕರಗುತ್ತದೆ ಅಂತ ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುವವರು. ಅದು ನಿಜವಾಗಿದ್ದರೆ, ಏಪ್ರಿಲ್‌ನಲ್ಲಿ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವ ಯಾರಿಗೂ ಹೊಟ್ಟೆಯೇ ಇರುತ್ತಿರಲಿಲ್ಲ, ನನ್ನನ್ನೂ ಸೇರಿಸಿ.

ಸಂಜೆ ಟವೆಲ್ ತರಲು ಹಂಪನಕಟ್ಟೆಯ ಕಡೆ ಹೋಗಿದ್ದೆ. ಅಂಗಡಿಯ ಹುಡುಗಿ ಬೆಳಿಗ್ಗೆ ಒಂಬತ್ತರಿಂದ ನಿಂತೇ ಇದ್ದಾಳೆ, ಕೂರಲು ಒಂದು ಸ್ಟೂಲೂ ಇಲ್ಲ. ಕಪಾಟಿನ ಮೂಲೆಯಲ್ಲಿ ಅವಳ ಬಾಟಲಿ, ಕಂಠಮಟ್ಟ ತುಂಬಿದ್ದು ಹಾಗೇ ಉಂಟು. “ಕುಡಿಯಲಿಲ್ವಾ?” ಅಂದೆ. “ಕುಡಿದ್ರೆ ಹೋಗ್ಬೇಕಾಗ್ತದಲ್ಲ ಸರ್. ಇಲ್ಲಿ ಇಲ್ಲ” ಅಂದಳು. ನಗುತ್ತಲೇ ಅಂದಳು.

ನನಗೆ ನಗು ಬರಲಿಲ್ಲ. ದಿನವಿಡೀ ನಿಲ್ಲಿಸಿ ದುಡಿಸುತ್ತೀರಿ, ಒಂದು ಶೌಚಾಲಯ ಕಟ್ಟಿಸುವುದಿಲ್ಲ. ಬಸ್ಸಿನವರಿಗೂ ಅದೇ ಪಾಡು, ಮೀನು ಮಾರುವ ಹೆಂಗಸರಿಗೂ ಅದೇ. ಇವರಿಗೆ ಎಂಟು ಗ್ಲಾಸಿನ ಉಪದೇಶ ಬೇರೆ. ಸಾಕಾಗಿದೆ.

ರಾತ್ರಿ ಒಂಬತ್ತೂವರೆಗೆ ಟ್ಯಾಂಕರ್ ಬಂತು. ಬರುವಾಗಲೇ ಕರೆಂಟು ಹೋಗಿತ್ತು. ಪಂಪೂ ಇಲ್ಲ, ಲಿಫ್ಟೂ ಇಲ್ಲ. ಮ್ಯಾನೇಜರು ಎರಡೆರಡು ಬಾಲ್ದಿ ಹಿಡಿದು ಮೂರು ಮಹಡಿ ಆರು ಸಲ ಹತ್ತಿದರು. ಕೊನೆಗೆ ಮೆಟ್ಟಿಲ ಮೇಲೆ ಕೂತು ಬರಿಗೈ ಮಣಿಕಟ್ಟು ನೋಡಿಕೊಂಡರು. ವಾಚು ಚಾರ್ಜಿಗೆ ಇಟ್ಟಿದ್ದರಂತೆ.

“ಛೆ,” ಅಂದರು, “ಒಂದೂ ಲೆಕ್ಕಕ್ಕೆ ಬರಲಿಲ್ಲ ಮಾರಾಯ್ರೇ.”